ಬೆಳೆದರೆ ಸಂಭಾವಿತ, ಮಾರಿದರೆ ಕಳ್ಳ

2019, ಡೆನ್ವರ್. ಕೊಲೊರಾಡೊ ಸರ್ಕಾರ ಕೊಟ್ಟ ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಗಾಂಜಾ ಬೆಳೆಗಾರ, ಎದುರಿಗೆ ಆಡಿಟರ್.

"ಸಾರ್, ಅಂಗಡಿ ಬಾಡಿಗೆ, ಮಾರೋ ಹುಡುಗರ ಸಂಬಳ ಆದಾಯದಲ್ಲಿ ಕಳೆದಿರಾ?"

"ಇಲ್ಲಪ್ಪ. ಕೇಂದ್ರ ತೆರಿಗೆ ಕಾನೂನಿನ 280ಇ ಕಲಂ. ರಾಜ್ಯಕ್ಕೆ ನೀನು ವ್ಯಾಪಾರಿ, ಕೇಂದ್ರಕ್ಕೆ ಕಳ್ಳಸಾಗಣೆಗಾರ."

"ಕಳ್ಳನಿಂದ ತೆರಿಗೆ ಯಾಕೆ?"

"ಕಳ್ಳನ ಆದಾಯವೂ ಆದಾಯವೇ. 1931ರಲ್ಲಿ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಜೈಲಿಗೆ ಹೋಗಿದ್ದು ತೆರಿಗೆ ಕಟ್ಟದ್ದಕ್ಕೇ."

"ಗೊಬ್ಬರ, ಕರೆಂಟು?"

"ಅದು ಸರಕಿನ ವೆಚ್ಚ, ಕಳೆಯಬಹುದು. ಗಿಡ ಬೆಳೆಸೋತನಕ ನೀನು ಸಂಭಾವಿತ."

"ಯಾವ ಪುಣ್ಯಾತ್ಮನ ಕೃಪೆ ಈ ಕಲಂ?"

"1981ರಲ್ಲಿ ಒಬ್ಬ ಕೊಕೇನ್ ವ್ಯಾಪಾರಿ ತೆರಿಗೆ ಕೋರ್ಟಿಗೆ ಹೋಗಿ ತಕ್ಕಡಿ, ಫೋನು, ಕಾರಿನ ಖರ್ಚನ್ನೆಲ್ಲ ಕಳೆಸಿಕೊಂಡ. ಸಂಸತ್ತಿಗೆ ಉರಿದುಹೋಯಿತು, ಮರುವರ್ಷವೇ ಕಲಂ. ಗೆದ್ದವನು ಅವನು, ಕಟ್ಟೋನು ನೀನು."

"ಎಷ್ಟಾಯ್ತು?"

"ವಹಿವಾಟು ಲಕ್ಷ ಡಾಲರ್. ಸರಕಿಗೆ 40 ಸಾವಿರ, ಅಂಗಡಿಗೆ 50. ಉಳಿದದ್ದು 10. ತೆರಿಗೆ ಮಾತ್ರ 60 ಸಾವಿರದ ಮೇಲೆ, ಕಂಪನಿಗೆ ಶೇ. 21. ಒಟ್ಟು 12,600."



"ಲಾಭಕ್ಕಿಂತ ತೆರಿಗೆಯೇ ದಪ್ಪ! ಚೆಕ್ ಬರೀಲಾ?"

"ನಿನಗೆ ಯಾವ ಬ್ಯಾಂಕು ಖಾತೆ ಕೊಟ್ಟಿದೆಯಪ್ಪ? ಚೀಲದಲ್ಲಿ ನಗದು ತಾ."

"ಗಾಂಜಾ ವಾಸನೆ ಬರುತ್ತಲ್ಲ ಸಾರ್?"

"ತೆರಿಗೆ ಕಚೇರಿಯವರು ಮೂಗು ಹಿಡಿದುಕೊಂಡೇ ಎಣಿಸ್ತಾರೆ. ರಸೀದಿ ಮಾತ್ರ ಮರೀಬೇಡ."