ಸೈಲೆನ್ಸರಿನ ತುದಿಯಿಂದ ಬೆಂಗಳೂರಿಗೊಂದು ಓಲೆ

ಬೆಂಗಳೂರು ಮಹಾನಗರದ ಸನ್ನಿಧಾನಕ್ಕೆ,

ಕುಮಟಾ ತಾಲೂಕಿನ ತದಡಿಯಿಂದ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮಸಮಾಚಾರವನ್ನು ದಿನಾ ಪೇಪರಿನಲ್ಲಿ ಓದುತ್ತಿದ್ದೇವೆ. ತಾವು ವಿದ್ಯುತ್ ವಾಹನಗಳಿಗೆ ಸಜ್ಜಾಗುತ್ತಿದ್ದೀರಂತೆ. ಹಸಿರು ನಂಬರ್ ಪ್ಲೇಟಿನ ಗಾಡಿಗಳು ಸಿಲ್ಕ್ ಬೋರ್ಡ್ ಹತ್ತಿರ ಸದ್ದಿಲ್ಲದೆ, ಹೊಗೆಯಿಲ್ಲದೆ ಮುಕ್ಕಾಲು ಗಂಟೆ ನಿಂತಿರುತ್ತವಂತೆ. ಕೇಳಿ ಸಂತೋಷವಾಯಿತು. ಮೊದಲು ಅದೇ ಮುಕ್ಕಾಲು ಗಂಟೆ ಹೊಗೆ ಕುಡಿಯುತ್ತ ನಿಲ್ಲಬೇಕಿತ್ತು.

ಈ ವಿಷಯದಲ್ಲಿ ತಾವು ಹೊಸಬರೇನಲ್ಲ. ರೇವಾ ಎಂಬ ಪುಟಾಣಿ ಕಾರು 2001ರಲ್ಲೇ ತಮ್ಮ ಬೀದಿಗಿಳಿದಿತ್ತು. ವಿದ್ಯುತ್ ವಾಹನಕ್ಕೆಂದೇ ದೇಶದಲ್ಲಿ ಮೊದಲು ನೀತಿ ಬರೆದದ್ದು ನಮ್ಮ ರಾಜ್ಯ, 2017ರಲ್ಲಿ. ಪೇಟೆಯಲ್ಲಿ ಮೂರು ಕಿ.ಮೀ. ಉದ್ದ, ಮೂರು ಕಿ.ಮೀ. ಅಗಲದ ಚೌಕಕ್ಕೆ ಒಂದಾದರೂ ಚಾರ್ಜಿಂಗ್ ಸ್ಟೇಷನ್, ಹೆದ್ದಾರಿಯಲ್ಲಿ 25 ಕಿ.ಮೀ.ಗೊಂದು ಎಂದು 2018ರಲ್ಲಿ ಕೇಂದ್ರದ ಮಾರ್ಗಸೂಚಿಯೂ ಬಂದಿತ್ತು. ನೀತಿ ಇದೆ, ಸೂಚಿ ಇದೆ, ಚೌಕವೂ ಇದೆ. ಮತ್ತೆ ತದಡಿಯವರದ್ದೇನು ತಕರಾರು ಎನ್ನುತ್ತೀರಾ? ತಕರಾರಿಲ್ಲ ಸ್ವಾಮಿ. ವಯರಿನ ಆ ತುದಿಯ ಬಗ್ಗೆ ತಾವು ಸಾಕಷ್ಟು ಸಭೆ ಮಾಡಿದ್ದೀರಿ, ಈ ತುದಿಯ ಬಗ್ಗೆ ಎರಡು ಮಾತು ಆಡೋಣ ಅಂತ.

ವಿದ್ಯುತ್ ಗಾಡಿಗೆ ಸೈಲೆನ್ಸರೇ ಇಲ್ಲ ಎಂದು ತಮ್ಮಲ್ಲಿ ಜಾಹೀರಾತು. ಇದೆ, ಸ್ವಲ್ಪ ಉದ್ದ ಅಷ್ಟೆ. ಅದರ ಬಾಯಿ ತೆರೆಯುವುದು ನಾನೂರೈವತ್ತು ಕಿ.ಮೀ.ಗೂ ಆಚೆ. 2006ರ ಹೊತ್ತಿಗೆ ಆ ಬಾಯನ್ನು ನಮ್ಮ ಅಳಿವೆಗೇ ತಂದು ಕೂರಿಸುವ ಯೋಜನೆ ಬಂದಿತ್ತು. 4,000 ಮೆಗಾವ್ಯಾಟ್, ಕಲ್ಲಿದ್ದಲು, ಹೆಸರು ‘ಅಲ್ಟ್ರಾ ಮೆಗಾ’. ಕಲ್ಲಿದ್ದಲು ಹಡಗಿನಲ್ಲಿ ಬರುವುದು, ಕರೆಂಟು ತಂತಿಯಲ್ಲಿ ಹೋಗುವುದು, ಬೂದಿ ಇಲ್ಲೇ ಉಳಿಯುವುದು. ಆಗ ತಮ್ಮಲ್ಲಿ ಸ್ಕೂಟರನ್ನು ಪ್ಲಗ್ಗಿಗೆ ಸಿಕ್ಕಿಸುವವರು ಬೆರಳೆಣಿಕೆ, ಹಾಗಾಗಿ ಅಭಿವೃದ್ಧಿಗೆ ಎಂದಷ್ಟೇ ಹೇಳಿದ್ದರು. ಊರವರು ಬೇಡವೇ ಬೇಡ ಎಂದು ಕೂತರು, ಯೋಜನೆ ಎದ್ದು ಹೋಯಿತು.

ಯಾಕೆ ಬೇಡ ಎಂದೆವು ಎಂಬುದು ತಿಳಿಯಬೇಕಾದರೆ ಒಮ್ಮೆ ಇಳಿತದ ಹೊತ್ತಿಗೆ ಬನ್ನಿ. ಹೆಂಗಸರು ಸೊಂಟದ ಮಟ್ಟದ ನೀರಲ್ಲಿ ನಿಂತು ಪಾದದಿಂದ ಕೆಸರು ತಡಕುತ್ತಾರೆ. ಬೆರಳಿಗೆ ಬಳಚಿನ ಚಿಪ್ಪು ತಾಗಿದರೆ ಮುಳುಗಿ ಹೆಕ್ಕುತ್ತಾರೆ, ಪಕ್ಕದಲ್ಲಿ ತೇಲಿಬಿಟ್ಟ ಪಾತ್ರೆಗೆ ಹಾಕುತ್ತಾರೆ. ಮಾತು ನಡೆದೇ ಇರುತ್ತದೆ, ಕಾಲೂ ನಡೆದೇ ಇರುತ್ತದೆ. ಇವರಿಗೆ ಹೂಡಿಕೆ ಇಲ್ಲ, ಡೀಸೆಲ್ಲಿಲ್ಲ, ಚಾರ್ಜು ಮಾಡುವ ಗೊಡವೆಯೂ ಇಲ್ಲ. ಆಚೆಗೆ ಗಜನಿ ಗದ್ದೆಗಳು. ಉಪ್ಪುನೀರು ನುಗ್ಗಿದರೂ ತಲೆ ಎತ್ತಿ ನಿಲ್ಲುವ ಕಗ್ಗ ಭತ್ತ ಅಲ್ಲಿಯದು. ಈಚೆಗೆ ಸಾಣಿಕಟ್ಟಾದ ಉಪ್ಪಿನ ಆಗರ. ಶಿರಸಿ ಕಡೆಯ ಘಟ್ಟದಿಂದ ಇಲ್ಲಿಯವರೆಗೆ ಅಘನಾಶಿನಿ ನದಿಗೆ ಒಂದೇ ಒಂದು ಅಣೆಕಟ್ಟಿಲ್ಲ. ಸರಕಾರಿ ಭಾಷೆಯಲ್ಲಿ ಇದಕ್ಕೆಲ್ಲ ‘ಖಾಲಿ ಜಾಗ’ ಎನ್ನುತ್ತಾರೆ. 2024ರಲ್ಲಿ ಅಘನಾಶಿನಿ ಅಳಿವೆ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಖಾಲಿ ಜಾಗಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದು ಹೀಗೆ.

ಕಲ್ಲಿದ್ದಲು ಹಳೆಯ ಮಾತು, ಈಗೆಲ್ಲ ಸೂರ್ಯ ಎನ್ನುತ್ತೀರಿ. ಒಪ್ಪಿದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕೇ ಇದೆ. ಆದರೆ ಸೂರ್ಯ ಆರೂವರೆಗೆ ಡ್ಯೂಟಿ ಮುಗಿಸುತ್ತಾನೆ, ತಾವು ಟ್ರಾಫಿಕ್ ದಾಟಿ ಮನೆ ಸೇರಿ ಪ್ಲಗ್ ಹಾಕುವುದು ರಾತ್ರಿ ಒಂಬತ್ತಕ್ಕೆ. ಈ ಎರಡೂವರೆ ಗಂಟೆಯ ಮನಸ್ತಾಪ ತೀರಿಸಲು ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಬೆಟ್ಟ ಕೊರೆಯಬೇಕಂತೆ! ಶರಾವತಿ ಪಂಪ್ಡ್ ಸ್ಟೋರೇಜ್, 2,000 ಮೆಗಾವ್ಯಾಟ್. ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತುವುದು, ಬೇಕೆಂದಾಗ ಕೆಳಗೆ ಬಿಡುವುದು. ಎತ್ತಲು ತಗಲುವಷ್ಟು ಕರೆಂಟು ಬಿಟ್ಟಾಗ ಹುಟ್ಟುವುದಿಲ್ಲ, ಐದರಲ್ಲೊಂದು ಪಾಲಿನಷ್ಟು ದಾರಿಯಲ್ಲೇ ಕರಗುತ್ತದೆ. ಮಧ್ಯೆ ಸಿಂಗಳೀಕಗಳ ಅಭಯಾರಣ್ಯವಿದೆ. ಡ್ರೈವಿಂಗ್ ಲೈಸೆನ್ಸ್ ಇಲ್ಲದ ಪ್ರಾಣಿಗಳಾದ್ದರಿಂದ ಅವುಗಳ ಅಭಿಪ್ರಾಯ ಕೇಳುವ ಕ್ರಮವಿಲ್ಲ.

ಅಂದ ಹಾಗೆ, ಕೈಗಾದ ನಾಲ್ಕು 220 ಮೆಗಾವ್ಯಾಟ್ ಅಣುಘಟಕಗಳಿರುವುದೂ ನಮ್ಮ ಜಿಲ್ಲೆಯಲ್ಲೇ. ಕರೆಂಟು ಹುಟ್ಟಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಆದರೂ ಮಳೆಗಾಲದಲ್ಲಿ ತಂತಿಯ ಮೇಲೆ ಒಂದು ಕೊಂಬೆ ಬಿದ್ದರೆ ನಮ್ಮ ಮನೆಗಳಲ್ಲಿ ಮೇಣದಬತ್ತಿ. ನಮ್ಮೂರಲ್ಲೂ ಈಗ ವಿದ್ಯುತ್ ಸ್ಕೂಟರ್ ಬಂದಿದೆ. ದೋಣಿಗೆ ಹತ್ತಿಸಿ ಹೊಳೆ ದಾಟಿದರೆ ಅಘನಾಶಿನಿ ಊರು, ಅಲ್ಲಿಂದ ಕುಮಟೆ ಹತ್ತಿರ. ದೋಣಿ ತಪ್ಪಿದರೆ ಹೆದ್ದಾರಿ ಹಿಡಿದು ಸುತ್ತಬೇಕು, ಆಗ ಸವಾರನ ಕಣ್ಣು ರಸ್ತೆಯ ಮೇಲಿರುವುದಿಲ್ಲ, ಬ್ಯಾಟರಿಯ ಶೇಕಡಾವಾರಿನ ಮೇಲಿರುತ್ತದೆ. ಮೀನು ಮಾರುವವರು ಮಾತ್ರ ಇನ್ನೂ ಪೆಟ್ರೋಲಿನಲ್ಲೇ ಇದ್ದಾರೆ. ಸದ್ದಿಲ್ಲದ ಗಾಡಿಯಲ್ಲಿ ಬಂದರೆ ಬೆಕ್ಕುಗಳಿಗೂ ಗೊತ್ತಾಗುವುದಿಲ್ಲವಲ್ಲ.

ಕೇಳದಿದ್ದರೂ ಉಪದೇಶ ಮಾಡುವುದು ಪತ್ರ ಬರೆಯುವವರ ಹಕ್ಕು. ಮೊದಲು ತಮ್ಮ ಬೀದಿಯ ಟ್ರಾನ್ಸ್‌ಫಾರ್ಮರನ್ನೇ ನೋಡಿ. ಮನೆಯ ಕಾರು ಚಾರ್ಜರ್ ಒಂದಕ್ಕೆ ಸುಮಾರು 7 ಕಿಲೋವ್ಯಾಟ್ ಬೇಕು. ಒಂಬತ್ತು ಗಂಟೆಗೆ ಹದಿನೈದು ಮನೆಯವರು ಒಟ್ಟಿಗೆ ಸ್ವಿಚ್ ಒತ್ತಿದರೆ 100 ಕೆವಿಎ ಟ್ರಾನ್ಸ್‌ಫಾರ್ಮರಿನ ಕಥೆ ಅಲ್ಲಿಗೆ ಮುಗಿಯಿತು, ಹದಿನಾರನೇ ಮನೆಯವರು ದೀಪವನ್ನೂ ಹಾಕುವಂತಿಲ್ಲ. ಮೆಗಾವ್ಯಾಟ್ ಲೆಕ್ಕ ಆಮೇಲೆ. ತಮ್ಮ ಕಾರು ಹಗಲಿಡೀ ಆಫೀಸಿನ ನೆಲಮಾಳಿಗೆಯಲ್ಲಿ ಸುಮ್ಮನೆ ಮಲಗಿರುತ್ತದೆ. ಸೂರ್ಯ ಡ್ಯೂಟಿಯಲ್ಲಿರುವ ಹೊತ್ತೂ ಅದೇ. ಅಲ್ಲೇ ಪ್ಲಗ್ ಕೊಡಿ, ಮಧ್ಯಾಹ್ನದ ಯೂನಿಟ್ಟು ಅಗ್ಗ ಮಾಡಿ, ಸಂಜೆಯದ್ದು ದುಬಾರಿ ಮಾಡಿ. ಗೇರುಸೊಪ್ಪೆಯ ಬೆಟ್ಟ ಕೊರೆಯುವುದಕ್ಕಿಂತ ನೆಲಮಾಳಿಗೆಗೆ ವಯರು ಎಳೆಯುವುದು ಸುಲಭವಲ್ಲವೇ? ಅಪಾರ್ಟ್‌ಮೆಂಟ್ ಸಂಘದವರನ್ನು ಒಪ್ಪಿಸುವುದು ಬೆಟ್ಟ ಕೊರೆಯುವುದಕ್ಕಿಂತ ಕಷ್ಟ ಎಂದು ತಾವು ಹೇಳಿದರೆ ನಾನು ವಾದಿಸುವುದಿಲ್ಲ.

ಇನ್ನು ಬಸ್ಸು. ಅರುವತ್ತು ಜನರನ್ನು ಹೊತ್ತು ದಿನವಿಡೀ ಓಡುವ ವಿದ್ಯುತ್ ಬಸ್ಸಿಗೆ ನಮ್ಮ ಕಡೆಯಿಂದ ಒಂದಿಷ್ಟು ಕರೆಂಟು ಕೇಳಿ, ಕೊಡಲು ಮನಸ್ಸು ಬರುತ್ತದೆ. ಒಂದೂವರೆ ಟನ್ನಿನ ಕಾರಿನಲ್ಲಿ ಒಬ್ಬರು ಜಿಮ್ಮಿಗೆ ಹೋಗಿ, ಅಲ್ಲಿ ಕದಲದ ಸೈಕಲ್ ತುಳಿದು ಬರುವುದಕ್ಕೆ ಬಳಚಿನ ಹೊಳೆ ಕೊಡಿ ಎಂದರೆ ಹೆಂಗಸರಿಗೆ ಏನೆಂದು ಹೇಳಲಿ? ಅವರು ನನ್ನ ಮಾತು ಕೇಳುವವರೂ ಅಲ್ಲ.

ಇಂತಿ ತಮ್ಮ ವಿಧೇಯ,
ಸೈಲೆನ್ಸರಿನ ತುದಿಯಲ್ಲಿ ವಾಸವಿರುವ ಒಬ್ಬ ತದಡಿಯವನು

ತಾ.ಕ.: ಮುಂದಿನ ಯೋಜನೆಯ ಸಾರ್ವಜನಿಕ ಅಹವಾಲು ಸಭೆಯನ್ನು ದಯವಿಟ್ಟು ಜೂನ್-ಜುಲೈಯಲ್ಲಿ ಇಡಿ. ಯಾಂತ್ರಿಕ ಮೀನುಗಾರಿಕೆಗೆ 61 ದಿನ ರಜೆ, ಬೋಟುಗಳೆಲ್ಲ ದಡದಲ್ಲಿ, ಊರಿಗೆ ಊರೇ ಬಂದು ಕೂರುತ್ತದೆ. ಆ ದಿನಗಳಲ್ಲಿ ಕರೆಂಟಿನ ಭರವಸೆ ಕೊಡಲಾರೆ. ಮೈಕಿಗೆ ಜನರೇಟರ್ ತಾವೇ ತನ್ನಿ, ಡೀಸೆಲ್ ಸಮೇತ.