ಒಂದು ಕಡ್ಡಿ ಕೊಡವ್ವ

ಊರಿಗೊಬ್ಬ ಕಡ್ಡಿಯಕ್ಕ ಇದ್ದೇ ಇರುತ್ತಾಳೆ. ನಮ್ಮ ಹುಣಸೂರು ಸೀಮೆಯಲ್ಲಿ, ಅದರಲ್ಲೂ ನಾಗರಹೊಳೆ ಕಾಡಿನ ಬಾಗಿಲಲ್ಲೇ ಕೂತಿರುವ ವೀರನಹೊಸಹಳ್ಳಿಯಂಥ ಕಡೆ, ಬೀದಿಗೊಬ್ಬಳು ಎಂದರೂ ತಪ್ಪಿಲ್ಲ. ಮದುವೆಗೆ ಹೋದರೆ ಹೆಣ್ಣಿನ ಮೈಮೇಲಿನ ಒಡವೆ ಆಕೆಗೆ ಕಾಣುವುದಿಲ್ಲ. ಛತ್ರದ ಕಾಂಪೌಂಡಿಗೆ ಹಬ್ಬಿದ ಹಂಬು ಕಾಣುತ್ತದೆ. ಆಸ್ಪತ್ರೆಗೆ ರೋಗಿ ನೋಡಲು ಹೋದರೆ ಹಣ್ಣು ಕೊಟ್ಟು, ಬಾಗಿಲ ಬಳಿಯ ಕುಂಡದಿಂದ ಒಂದು ಚಿಗುರು ತಂದಿರುತ್ತಾಳೆ. ಸಾವಿನ ಮನೆಯಲ್ಲೂ ಕಣ್ಣೊರೆಸಿಕೊಳ್ಳುತ್ತಲೇ ಹಿತ್ತಲ ಕಡೆ ಒಮ್ಮೆ ಹೋಗಿ ಬರುತ್ತಾಳೆ. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಸತ್ತವರ ಗಿಡ ಮೂರು ಮನೆ ಆಚೆ ಬದುಕಿರಲಿ ಎನ್ನುವುದು ಮನೆಯವರಿಗೂ ಸಮಾಧಾನವೇ.

ಆಕೆಯ ಕೈಚೀಲದಲ್ಲಿ ಒಂದು ಒದ್ದೆ ಬಟ್ಟೆ ಚೂರು, ತೊಳೆದ ಹಾಲಿನ ಕವರು, ಮುರಿದ ಬ್ಲೇಡು ಸದಾ ಇರುತ್ತವೆ. ಹುಣಸೂರು ಬಸ್ಸಿನಲ್ಲಿ ಪಕ್ಕ ಕೂತವರಿಗೆ ಸೆರಗಿನೊಳಗಿಂದ ಏನೋ ಚುಚ್ಚಿತು ಎಂದರೆ ಅದು ಗುಲಾಬಿ.

ಕೇಳುವುದರಲ್ಲಿ ಆಕೆಗೊಂದು ಶಾಸ್ತ್ರವಿದೆ. ನೇರವಾಗಿ ಕೇಳುವುದು ಆ ಶಾಸ್ತ್ರಕ್ಕೆ ವಿರುದ್ಧ. ಗೇಟಿನ ಹೊರಗೆ ನಿಂತು, ಮನೆಯವಳ ಆರೋಗ್ಯವನ್ನೂ ಮಕ್ಕಳ ಓದನ್ನೂ ಅವಸರದಲ್ಲಿ ಮುಗಿಸಿ, ವಿಷಯಕ್ಕೆ ಬರುತ್ತಾಳೆ.

‘ಏನವ್ವ, ನಿಮ್ಮನೆ ಕಾಕಡ ಈ ಪಾಟಿ ಬಿಟ್ಟದೆ? ಬುಡುಕ್ಕೆ ಏನ್ ಹಾಕ್ತೀಯ?’

‘ಏನಿಲ್ಲ ಕಣಕ್ಕ, ಪಾತ್ರೆ ತೊಳ್ದ ನೀರು ಅಷ್ಟೆ.’

‘ನಿನ್ ಕೈಗುಣ ಕಣವ್ವ ಅದು. ನಮ್ಮನೇಲೂ ಇತ್ತು. ಹೋದ್ ಬ್ಯಾಸ್ಗೇಲಿ ಒಣಗೋಯ್ತು.’

ಇಲ್ಲೊಂದು ನಿಟ್ಟುಸಿರು. ಒಣಗಿದ್ದು ಗಿಡವೋ ಗಂಡನೋ ಎಂದು ಅನುಮಾನ ಬರುವಷ್ಟು ಉದ್ದದ್ದು. ಅದನ್ನು ಕೇಳಿಯೂ ಸುಮ್ಮನಿರುವ ಹೆಂಗಸು ಈ ಸುತ್ತಲ ಹಳ್ಳಿಗಳಲ್ಲಿ ಹುಟ್ಟಿಲ್ಲ.

‘ಅಯ್ಯೋ, ಒಂದು ಕಡ್ಡಿ ತಗೊಂಡೋಗಕ್ಕ.’

‘ಬ್ಯಾಡ ಬುಡವ್ವ, ಹೂ ಬುಡೋ ಕಾಲ್ದಲ್ಲಿ ಯಾಕ್ ನೋವು ಅದುಕ್ಕೆ...’ ಎನ್ನುವ ಹೊತ್ತಿಗೆ ಬ್ಲೇಡು ಹೊರಗೆ ಬಂದಿರುತ್ತದೆ. ಒಂದು ಕಡ್ಡಿ ಎಂದರೆ ಆಕೆಯ ಲೆಕ್ಕದಲ್ಲಿ ಮೂರು: ಒಂದು ದೇವರಿಗೆ, ಒಂದು ಮೇಕೆಗೆ, ಉಳಿದರೆ ಒಂದು ನಮಗೆ.

ಕದ್ದ ಮನಿಪ್ಲಾಂಟ್ ಮಾತ್ರ ಚೆನ್ನಾಗಿ ಹಬ್ಬುತ್ತದೆ ಎಂದು ಲೋಕವೆಲ್ಲ ನಂಬಿದೆ. ಕಡ್ಡಿಯಕ್ಕ ಈ ನಂಬಿಕೆಯನ್ನು ಮನಿಪ್ಲಾಂಟಿಗಷ್ಟೇ ಸೀಮಿತಗೊಳಿಸಿಲ್ಲ. ದಸರಾ ಬಂದಾಗ ಮೈಸೂರಿನ ಕುಪ್ಪಣ್ಣ ಪಾರ್ಕಿನಲ್ಲಿ ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನ ನಡೆಯುತ್ತದಲ್ಲ, ಅಲ್ಲಿಗೆ ಹೋಗುವ ಸಾವಿರಾರು ಜನ ಹೂವಿನಲ್ಲಿ ಕಟ್ಟಿದ ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆಕೆಗೆ ಗೋಪುರ ಬೇಡ. ಹಿಂದುಗಡೆ ಸಾಲಾಗಿ ಇಟ್ಟ ಕುಂಡಗಳ ಪಕ್ಕದಲ್ಲಿಯೇ ಆಕೆಯ ಚಪ್ಪಲಿಯ ಉಂಗುಷ್ಠ ಕಿತ್ತುಹೋಗುತ್ತದೆ. ಬಗ್ಗಿ ಸರಿಮಾಡಿಕೊಂಡು ಏಳುವಷ್ಟರಲ್ಲಿ ಏನಾಯಿತೆಂದು ಕಾವಲಿನವನಿಗೂ ಗೊತ್ತಾಗುವುದಿಲ್ಲ, ಗಿಡಕ್ಕೂ ಗೊತ್ತಾಗುವುದಿಲ್ಲ.

ಆಕೆಯ ವರ್ಷ ಯುಗಾದಿಗೆ ಶುರುವಾಗುವುದಿಲ್ಲ, ಭರಣಿ ಮಳೆಗೆ ಶುರುವಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ಮೊದಲ ಹದ ಮಳೆ ಬಿದ್ದಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ಗಂಡಸರೆಲ್ಲ ಹೊಗೆಸೊಪ್ಪಿನ ಸಸಿ ಹೊತ್ತು ಹೊಲಕ್ಕೆ ಓಡುತ್ತಾರೆ. ತಂಬಾಕು ಮಂಡಳಿಯ ಲೈಸೆನ್ಸು, ಎಲೆ ಹದ ಮಾಡುವ ಬ್ಯಾರನ್ನಿನ ಸೌದೆ, ಹರಾಜಿನಲ್ಲಿ ಕೆಜಿಗೆ ಎಷ್ಟು ಕೂಗಿಯಾರು ಎಂಬ ಚಿಂತೆ ಅವರ ಪಾಲು. ಸಸಿ ಹೊಲಕ್ಕೆ ಹೋದ ಮೇಲೆ ಮನೆ ಮುಂದೆ ಬಿದ್ದಿರುವ ಖಾಲಿ ಟ್ರೇಗಳು ಕಡ್ಡಿಯಕ್ಕನ ಪಾಲು. ತೆಂಗಿನ ನಾರಿನ ಪುಡಿ ಇನ್ನೂ ಅಂಟಿಕೊಂಡಿರುವ ಆ ಕಪ್ಪು ಟ್ರೇಗಳನ್ನು ಆಕೆ ಎರಡೆರಡು ಸಲ ತೊಳೆದು, ಬಿಸಿಲಿಗಿಟ್ಟು, ಬದನೆ, ಮೆಣಸಿನಕಾಯಿ, ಟೊಮೆಟೊ ಬೀಜ ಉದುರಿಸುತ್ತಾಳೆ. ಆಮೇಲೆ ಗೆಳತಿಯರ ಸಭೆ. ಮಧ್ಯಾಹ್ನ ಊಟವಾದ ಮೇಲೆ ಜಗುಲಿಯ ಮೇಲೆ ನಾಲ್ಕೈದು ಮಂದಿ. ಒಬ್ಬಳ ಮಡಿಲಲ್ಲಿ ಬೂದಿ ಕಲೆಸಿಟ್ಟ ಅವರೆ ಬೀಜ, ಇನ್ನೊಬ್ಬಳ ಕೈಯಲ್ಲಿ ಅಟ್ಟದ ಹೊಗೆ ಕುಡಿದು ಕಪ್ಪಾದ ಹೀರೆ ಬುರುಡೆ, ಮತ್ತೊಬ್ಬಳ ಹತ್ತಿರ ಅಂಗಡಿಯ ಬಣ್ಣದ ಪ್ಯಾಕೆಟ್ಟು. ಪ್ಯಾಕೆಟ್ ತಂದವಳಿಗೆ ಆ ದಿನ ಕೊನೆಯ ಸ್ಥಾನ. ‘ಅದ್ರಲ್ಲಿ ಬರೋದು ಒಂದೇ ಸಲ ಕಣವ್ವ, ಬೀಜ ಕಟ್ಟಿದ್ರೂ ಅವ್ವನಂಗೆ ಹುಟ್ಟಾಕಿಲ್ಲ’ ಎಂದು ಕಡ್ಡಿಯಕ್ಕ ತೀರ್ಪು ಕೊಟ್ಟರೆ ಮುಗಿಯಿತು. ಹೈಬ್ರಿಡ್ ತಳಿಯ ಬೀಜ ಮರುವರ್ಷ ತಾಯಿಯ ಗುಣ ಉಳಿಸಿಕೊಳ್ಳುವುದಿಲ್ಲ ಎಂಬುದನ್ನು ಕೃಷಿ ಕಾಲೇಜಿನ ಮೇಷ್ಟರು ಹೇಳಲು ಒಂದು ಗಂಟೆ ತೆಗೆದುಕೊಳ್ಳುತ್ತಾರೆ.

ಹಾಗೆಂದು ಆಕೆ ಹೇಳುವುದೆಲ್ಲ ಸರಿ ಎಂದಲ್ಲ. ಬೈದರೆ ಕರಿಬೇವು ಚಿಗುರುತ್ತದೆ, ಎಣಿಸಿದರೆ ಕುಂಬಳದ ಹೀಚು ಉದುರುತ್ತದೆ, ಸೊಸೆ ನೆಟ್ಟ ಪಡವಲ ಡೊಂಕಾಗುತ್ತದೆ ಎಂಬಿವೂ ಆಕೆಯ ಸಿದ್ಧಾಂತಗಳೇ. (ಪಡವಲ ಡೊಂಕಾಗದಿರಲಿ ಎಂದು ತುದಿಗೆ ಕಲ್ಲು ಕಟ್ಟುತ್ತಾಳೆ. ಸೊಸೆಗೆ ಏನು ಮಾಡುತ್ತಾಳೋ ಕೇಳಿಲ್ಲ.) ಆದರೆ ಒಂದು ಮಾತನ್ನು ಮಾತ್ರ ನಗಾಡುವಂತಿಲ್ಲ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಯಾರಾದರೂ ಟೊಮೆಟೊ ಪಾತಿಗೆ ಬಂದರೆ ಆಕೆ ಕಿರುಚುತ್ತಾಳೆ. ಸೋಪು ಹಾಕಿ ಕೈ ತೊಳೆಯದೆ ಒಳಗೆ ಬಿಡುವುದಿಲ್ಲ, ಗಂಡನನ್ನೂ. ಅವರೆಗೆ ಹೇನು ಬಿದ್ದರೆ ಹೊಗೆಸೊಪ್ಪು ನೆನೆಸಿದ ನೀರು ಎರಚುವವಳೇ, ಆದರೆ ಆ ನೀರು ಮೆಣಸಿನ ಗಿಡದ ಹತ್ತಿರ ಸುಳಿಯಕೂಡದು. ಕಾರಣ ಕೇಳಿದರೆ ‘ದೃಷ್ಟಿ ತಾಕ್ತದೆ’ ಎನ್ನುತ್ತಾಳೆ. ಆ ದೃಷ್ಟಿಗೆ ವಿಜ್ಞಾನಿಗಳು ಮೊಸಾಯಿಕ್ ವೈರಸ್ ಎಂದು ಹೆಸರಿಟ್ಟಿದ್ದಾರೆ. ಹೊಗೆಸೊಪ್ಪು, ಟೊಮೆಟೊ, ಮೆಣಸಿನಕಾಯಿ, ಬದನೆ ಎಲ್ಲ ಒಂದೇ ಕುಟುಂಬದವು. ರೋಗ ಕೈಯಿಂದ, ಬಟ್ಟೆಯಿಂದ, ಕತ್ತಿಯಿಂದ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. 1898ರಲ್ಲಿ ಹಾಲೆಂಡಿನ ಬೈಜರಿಂಕ್ ಎಂಬಾತ ಬ್ಯಾಕ್ಟೀರಿಯಾ ಅಲ್ಲದ ಹೊಸ ಬಗೆಯ ಸೋಂಕೊಂದಿದೆ ಎಂದು ಜಗತ್ತಿಗೆ ಹೇಳಿದ್ದು ಇದೇ ಹೊಗೆಸೊಪ್ಪಿನ ಎಲೆ ಅರೆದು ಸೋಸಿ. ಕಡ್ಡಿಯಕ್ಕನಿಗೆ ಅಷ್ಟು ಪುರುಸೊತ್ತಿಲ್ಲ.

ವೀರನಹೊಸಹಳ್ಳಿಗೆ ರಾಜ್ಯವೆಲ್ಲ ತಿರುಗಿ ನೋಡುವ ದಿನ ವರ್ಷಕ್ಕೊಂದು ಬರುತ್ತದೆ, ಗಜಪಯಣದ ದಿನ. ಸಾಮಾನ್ಯವಾಗಿ ಆಗಸ್ಟ್, ಆಶ್ಲೇಷ ಇಲ್ಲವೇ ಮಘೆ ಮಳೆಯ ಜಿಟಿಜಿಟಿ. ಮೈಸೂರು ದಸರೆಗೆ ಹೊರಟ ಆನೆಗಳಿಗೆ ಇಲ್ಲಿನ ಗೇಟಿನ ಬಳಿ ಪೂಜೆ, ಕಬ್ಬು, ಬೆಲ್ಲ, ಬಾಳೆಹಣ್ಣು. ಮಂತ್ರಿಗಳು, ಪೊಲೀಸ್ ಬ್ಯಾಂಡು, ಟಿವಿಯವರು. ಹಿಂದೆ ಆನೆಗಳು ನಡೆದೇ ಮೈಸೂರು ಸೇರುತ್ತಿದ್ದವು, ಈಗ ಲಾರಿ ಹತ್ತುತ್ತವೆ. 2020ರಿಂದ ಅಂಬಾರಿ ಹೊರುತ್ತ ಬಂದ ಅಭಿಮನ್ಯುವನ್ನು ಹತ್ತಿರದಿಂದ ನೋಡಬೇಕೆಂದು ಕೆ.ಆರ್. ನಗರದ ಕಡೆಯಿಂದಲೂ ಜನ ಬಂದು ಒಬ್ಬರ ಹೆಗಲ ಮೇಲೊಬ್ಬರು ಏರುತ್ತಾರೆ. ಕಡ್ಡಿಯಕ್ಕನೂ ಬೆಳಿಗ್ಗೆಯೇ ಹೊಸ ಸೀರೆಯುಟ್ಟು ಬಂದು ಮುಂದಿನ ಸಾಲಿನಲ್ಲಿ ನಿಂತಿರುತ್ತಾಳೆ. ಆದರೆ ಆಕೆಯ ಕಣ್ಣು ಆನೆಯ ಮೇಲಿಲ್ಲ. ಗಣ್ಯರು ಆನೆಗೆ ಎರಚುವ ಹೂವಿನ ಮೇಲಿದೆ, ವೇದಿಕೆಗೆ ಕಟ್ಟಿದ ಚೆಂಡುಹೂವಿನ ಸರದ ಮೇಲಿದೆ. ಲಾರಿಗಳು ಹೊರಟು, ಜನ ಚದುರಿ, ಶಾಮಿಯಾನದವನು ಹಗ್ಗ ಬಿಚ್ಚುವಾಗ ಆಕೆಯ ಕೆಲಸ ಶುರು. ಬಲಿತ ಹೂವನ್ನೇ ಆರಿಸಿ ಮಡಿಲು ತುಂಬಿಕೊಂಡರೆ, ಒಣಗಿಸಿ ತಿಕ್ಕಿದಾಗ ಬೀಜ. ದೀಪಾವಳಿ ದಾಟಿದ ಮೇಲೆ ಆ ಬೀದಿಯ ಹಿತ್ತಲುಗಳಲ್ಲಿ ಅಷ್ಟೊಂದು ಚೆಂಡುಹೂ ಅರಳುವುದು ಮಂತ್ರಿಗಳ ಕೈಗುಣದಿಂದ ಎಂದು ಅವರಿಗೆ ಯಾರೂ ತಿಳಿಸಿಲ್ಲ.

ಗೌರಿ ಗಣೇಶ ಹಬ್ಬದ ಹಿಂದಿನ ರಾತ್ರಿ ಆಕೆ ನಿದ್ದೆ ಮಾಡುವುದಿಲ್ಲ. ಹುಡುಗರು ನಸುಕಿಗೇ ಬಂದು ಗರಿಕೆ, ಪತ್ರೆ, ದಾಸವಾಳ ಎಲ್ಲ ಬಳಿದುಕೊಂಡು ಹೋಗುತ್ತಾರೆ. ಟಾರ್ಚು ಹಿಡಿದು ಹಿತ್ತಲ ಬಾಗಿಲಲ್ಲಿ ಕೂತು ಆಕೆ ಬಯ್ಯುವ ಬೈಗುಳ ಕೇಳಬೇಕು: ‘ಕೇಳಿದ್ರೆ ನಾನೇನ್ ಕೊಡಾಕಿಲ್ವಾ? ಕದ್ದು ತಗೊಂಡೋಗೋ ಬುದ್ಧಿ ಯಾರ್ ಕಲ್ಸಿದ್ರು ಇವ್ರಿಗೆ!’ ಕುಪ್ಪಣ್ಣ ಪಾರ್ಕಿನಿಂದ ಬಂದ ಗಿಡವೊಂದು ಅಲ್ಲೇ ಪಕ್ಕದಲ್ಲಿ ನಿಂತು ಇದನ್ನು ಕೇಳುತ್ತಿರುತ್ತದೆ.

ಆಕೆಯನ್ನು ಸೋಲಿಸಿದ್ದು ಒಬ್ಬಳೇ. ಹಾಡಿಯ ಜೇನುಕುರುಬರ ಅಜ್ಜಿ. ನೂರೆ ಗೆಣಸಿನ ರುಚಿಗೆ ಮರುಳಾಗಿ ‘ನಂಗೂ ಒಂದು ಕೊಡವ್ವ, ಹಿತ್ಲಲ್ಲಿ ಹಾಕ್ತೀನಿ’ ಎಂದರೆ ಅಜ್ಜಿ ಗೆಡ್ಡೆ ಕೊಟ್ಟಳು, ಹಂಬಿನ ಬುಡ ಕೊಡಲಿಲ್ಲ. ತಿನ್ನುವುದನ್ನು ಕಿತ್ತು, ತಲೆಯನ್ನು ಅದೇ ಗುಂಡಿಯಲ್ಲಿ ಹೂತು ಬರಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಏನು ತಿನ್ನುತ್ತೀ ಎಂದು ಗದರಿ ಕಳಿಸಿದಳು. ಅಂದಿನಿಂದ ಕಡ್ಡಿಯಕ್ಕ ಯಾರ ಗಿಡವನ್ನೂ ಬುಡಸಮೇತ ಕಿತ್ತಿಲ್ಲ. ತುದಿಗಳಿಗೆ ಮಾತ್ರ ಆ ವಿನಾಯಿತಿ ಸಿಕ್ಕಿಲ್ಲ.

ಇಷ್ಟೆಲ್ಲ ಬಳಿದು ತಂದರೂ ಆಕೆಯ ಹಿತ್ತಲು ನೋಡಿದರೆ ಅಂಥ ಶ್ರೀಮಂತಿಕೆಯೇನಿಲ್ಲ. ಬೇರು ಬಿಟ್ಟದ್ದೆಲ್ಲ ತಿಂಗಳೊಪ್ಪತ್ತಿನಲ್ಲಿ ಮನೆಮನೆಗೆ ಹೊರಟಿರುತ್ತದೆ. ಬೇಡ ಎಂದರೂ ಬಿಡುವುದಿಲ್ಲ, ತಾನೇ ಗುಂಡಿ ತೋಡಿ ನೆಟ್ಟು, ನೀರು ಹಾಕದಿದ್ದರೆ ಬಯ್ಯಲು ವಾರಕ್ಕೊಮ್ಮೆ ಬರುತ್ತಾಳೆ. ಇದನ್ನು ಔದಾರ್ಯ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾಡಂಚಿನಲ್ಲಿ ಹಿತ್ತಲು ಮಾಡುವವಳ ಲೆಕ್ಕಾಚಾರ ಅದು. ಒಂದೇ ಕಡೆ ಇಟ್ಟ ಗಿಡವನ್ನು ಒಂದೇ ರಾತ್ರಿಯಲ್ಲಿ ಮುಗಿಸಬಲ್ಲ ನೆಂಟ ಇಲ್ಲಿ ಬೇಲಿಯಾಚೆಯೇ ಇದ್ದಾನೆ. ರೈಲು ಕಂಬಿ ನೆಟ್ಟು ಬೇಲಿ ಹಾಕಿದ್ದಾರೆ, ಕಂದಕ ತೋಡಿದ್ದಾರೆ. ಹಲಸು ಹಣ್ಣಾದ ವಾಸನೆ ಬಂದರೆ ಅವನಿಗೆ ಅವೆಲ್ಲ ಮರೆತುಹೋಗುತ್ತವೆ.

ಹೋದ ಮಳೆಗಾಲದಲ್ಲಿ ಬಂದೇಬಂದ. ಹಲಸು ತಿಂದು, ದಾರಿಯಲ್ಲಿದ್ದ ಬಾಳೆಯನ್ನೆಲ್ಲ ಮುರಿದು, ಹೀರೆ ಚಪ್ಪರ ತುಳಿದು ಹೋದ. ಪರಿಹಾರಕ್ಕೆ ಮಹಜರು ಬರೆಯಲು ಅರಣ್ಯ ಇಲಾಖೆಯ ಗಾರ್ಡ್ ಬಂದರು. ಬಾಳೆ ಎಷ್ಟು ಹೋಯಿತಮ್ಮ ಎಂದು ಕೇಳಿದರೆ ಕಡ್ಡಿಯಕ್ಕ ಲೆಕ್ಕ ಕೊಡಲಿಲ್ಲ, ವಂಶಾವಳಿ ಕೊಟ್ಟಳು. ಇದು ಮೂಲೆಮನೆಯವರು ಕೊಟ್ಟ ಏಲಕ್ಕಿ ಬಾಳೆ, ಇದರ ಕಂದು ಈಗ ಹನಗೋಡಿನ ನಾದಿನಿ ಮನೆಯಲ್ಲಿದೆ. ಇದು ತಂಗಿ ಗಂಡ ನಂಜನಗೂಡಿನಿಂದ ತಂದ ರಸಬಾಳೆ, ಬಡಕಲಾಗಿತ್ತು, ಆದರೂ ಅದರ ಮರಿ ಮೂರು ಮನೆಯಲ್ಲಿವೆ. ಗಾರ್ಡ್ ಪೆನ್ನು ಎತ್ತಿದರು, ಇಳಿಸಿದರು.

‘ಅಮ್ಮ, ಇದ್ರಲ್ಲಿ ನಿಮ್ದು ಅಂತ ಯಾವ್ದು ಬರ್ಕೊಳ್ಳಲಿ?’

‘ಎಲ್ಲಾ ನಂದೇ ಸಾರ್. ನಾಳೆ ಎಲ್ಲರ ಮನೆಯಿಂದ್ಲೂ ಒಂದೊಂದು ಕಂದು ಬತ್ತದೆ. ನೀವು ಚಪ್ಪರದ ಗಳ ಬರ್ಕಳಿ, ಅದುಕ್ಕೆ ಕಂದು ಬರಾಕಿಲ್ಲ.’

ಸಹಿ ಹಾಕಿ ಮುಗಿಸಿ ಗಾರ್ಡ್ ಬೈಕ್ ಹತ್ತುವಾಗ ಆಕೆ ಸೆರಗು ಸರಿಮಾಡಿಕೊಂಡು ಗೇಟಿನ ತನಕ ಬಂದಳು.

‘ಸಾರ್, ನಿಮ್ ಕ್ವಾರ್ಟರ್ಸ್ ಮುಂದೆ ಒಂದು ಎರಡ್ ಸುತ್ತಿನ ದಾಸವಾಳ ಅದಲ್ಲ, ಎಷ್ಟ್ ಚೆಂದ ಬಿಟ್ಟದೆ...’

‘ಅದು ನೀವೇ ನೆಟ್ಟು ಹೋಗಿದ್ದಲ್ವಾಮ್ಮ, ಎರಡು ವರ್ಷದ ಹಿಂದೆ?’

ಕಡ್ಡಿಯಕ್ಕ ಒಂದು ಗಳಿಗೆ ಯೋಚಿಸಿದಳು.

‘ಹಂಗಾದ್ರೆ ನಾಳೀಕೆ ಬಂದು ನಾನೇ ಕುಯ್ಕತೀನಿ ಬುಡಿ, ನಿಮ್ಗೆ ಕೈ ಕೂರಾಕಿಲ್ಲ.’