ಮೊದಲು ಬಾಗಿಲು ಹಾಕಿ ಸ್ವಾಮಿ!

ಲೇಹ್. ಅಕ್ಟೋಬರ್ ತಿಂಗಳ ರಾತ್ರಿ. ಬೆಂಗಳೂರಿನ 15 ಡಿಗ್ರಿಗೇ ಮಂಕಿ ಕ್ಯಾಪ್ ಏರಿಸುವ ಜಾತಿ ನಮ್ಮದು. ಟೆಂಪೊ ಟ್ರಾವೆಲರ್‌ನ ಸೀಟು ಕಿತ್ತು, ಮಂಚ ಬಡಿದು, ಕ್ಯಾಂಪರ್ ವ್ಯಾನ್ ಎಂದು ನಾಮಕರಣ ಮಾಡಿ ಹೊರಟಾಗ (ಆರ್‌ಟಿಒ ವಿಚಾರ ಇಲ್ಲಿ ಬೇಡ) ಎಲ್ಲಕ್ಕಿಂತ ಮೊದಲು ಒಳಗೆ ಬಂದದ್ದು ಈ ಪುಟ್ಟ ಗ್ಯಾಸ್ ಹೀಟರ್. ಹೊಸ ಅಳಿಯನ ಹಾಗೆ ಮಂಚದ ಪಕ್ಕದಲ್ಲೇ ಕೂತಿದೆ. ವ್ಯಾನಿನ ಬಾಗಿಲನ್ನು ಅರ್ಧ ಸರಿಸಿಟ್ಟು, ಎರಡು ಸ್ವೆಟರ್ ಹಾಕಿಕೊಂಡು ಮಾತಿಗೆ ಕೂತೆ.

ನಾನು: ನಮಸ್ಕಾರ. ಆರಾಮಾ?

ಹೀಟರ್: ಮೊದಲು ಬಾಗಿಲು ಹಾಕಿ ಸ್ವಾಮಿ! ನಾನು ದುಡಿದದ್ದೆಲ್ಲ ಬೀದಿಪಾಲಾಗ್ತಿದೆ.

ನಾನು: ಹಾಕಿದರೆ ನೀವು ಉರಿಯೋಕೆ ಗಾಳಿ ಎಲ್ಲಿಂದ?

ಹೀಟರ್: ನಿಮ್ಮದೇ ಗಾಳಿ! ಒಂದೇ ಸೂರಿನಡಿ ಇದ್ದು ನಿಂದು ನಂದು ಅಂತೀರಲ್ಲ.

ನಾನು: ನಿಮ್ಮ ಪೆಟ್ಟಿಗೆಯ ಮೇಲೆ ‘ಮನೆಯೊಳಗೂ ಸುರಕ್ಷಿತ’ ಎಂದಿತ್ತು. ಒಳಗಿದ್ದ ಚೀಟಿಯಲ್ಲಿ ‘ಕಿಟಕಿ ತೆರೆದಿಡಿ, ಉರಿಸಿಟ್ಟು ಮಲಗಬೇಡಿ’ ಎಂದಿತ್ತು.

ಹೀಟರ್: ಪೆಟ್ಟಿಗೆ ಅಂದ್ರೆ ಚುನಾವಣಾ ಪ್ರಣಾಳಿಕೆ. ಚೀಟಿ ಅಂದ್ರೆ ಸರ್ಕಾರಿ ಸುತ್ತೋಲೆ. ಎರಡನ್ನೂ ಒಬ್ಬರೇ ಓದಬಾರದು. ಅಷ್ಟಕ್ಕೂ ನಮ್ಮ ಮನೆತನ ಎಂಥದ್ದು ಗೊತ್ತಾ? ನಿಮ್ಮಜ್ಜಿ ಬಾಣಂತಿಯಾಗಿದ್ದಾಗ ಮಂಚದ ಕೆಳಗೆ ಇದ್ದದ್ದು ಯಾರು? ನಮ್ಮ ಅಗ್ಗಿಷ್ಟಿಕೆ ಅಜ್ಜಿ!

ನಾನು: ಆ ಮನೆಗೆ ಹೆಂಚಿನ ಮಾಡು ಇತ್ತು, ಸಂದಿಗೊಂದಿಯಲ್ಲೆಲ್ಲ ಗಾಳಿ ಆಡ್ತಿತ್ತು. ಇದು ರಬ್ಬರ್ ಪಟ್ಟಿ ಬಿಗಿದ ತಗಡಿನ ಡಬ್ಬ. ಅಜ್ಜಿಯ ಕೆಂಡವನ್ನು ಇಲ್ಲಿಟ್ಟರೆ ಬೆಳಿಗ್ಗೆ ಹನ್ನೊಂದನೇ ದಿನದ ಲೆಕ್ಕ ಶುರು.

ಹೀಟರ್: ಅಪಪ್ರಚಾರ. ನಮ್ಮವರ ಪಕ್ಕದಲ್ಲಿ ಮಲಗಿದವರು ಯಾರೂ ಎದ್ದು ಬಂದು ದೂರು ಕೊಟ್ಟಿಲ್ಲ.

ನಾನು: ಅದೇ ನನ್ನ ಭಯ! ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ತಲೆನೋವು, ಮಂಪರು ಬಂದರೆ ಲೇಹ್‌ನಲ್ಲಿ ಎಲ್ಲರೂ ‘ಎತ್ತರದ ಬಾಧೆ, ಮಲಗಿದರೆ ಸರಿಹೋಗುತ್ತೆ’ ಅಂತಾರೆ.

ಹೀಟರ್: ನನ್ನೊಳಗೆ ಲೋಕಾಯುಕ್ತರನ್ನೇ ಕೂರಿಸಿದ್ದಾರಲ್ಲ! ಆಮ್ಲಜನಕ ಶೇಕಡಾ 21ರಿಂದ 18ರ ಹತ್ತಿರ ಇಳಿಯಿತೋ, ನನ್ನ ಕತ್ತು ಹಿಸುಕಿ ಆರಿಸಿಬಿಡ್ತಾನೆ.

ನಾನು: ಮೊನಾಕ್ಸೈಡ್ ಹೆಚ್ಚಾದರೆ?

ಹೀಟರ್: ಅದು ಅವನ ವ್ಯಾಪ್ತಿಗೆ ಬರೋದಿಲ್ಲ. ಬೇರೆ ಇಲಾಖೆ.

(ಆ ಬೇರೆ ಇಲಾಖೆಯನ್ನು ನಾನು ಬೇರೆಯಾಗಿಯೇ ಕೊಂಡು ತಂದಿದ್ದೆ. ಅಂಗೈಯಗಲದ ಅಲಾರಂ. ವಾಹನ, ದೋಣಿಗಳಿಗೆಂದೇ ಇರುವ ಇಎನ್ 50291-2 ಗುರುತು ಹುಡುಕಿ ತೆಗೆದುಕೊಂಡದ್ದು. ಹೀಟರ್ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟರಲ್ಲಿ ಪುಸಕ್ಕೆಂದು ಆರಿತು. ಮತ್ತೆ ಹಚ್ಚಿದೆ.)

ನಾನು: ಬಾಗಿಲು ತೆರೆದೇ ಇದೆ. ಯಾಕೆ ಆರಿದಿರಿ?

ಹೀಟರ್: ಈ ಊರು 3,500 ಮೀಟರ್ ಎತ್ತರ. ಇಲ್ಲಿನ ಗಾಳಿಯಲ್ಲಿ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ ಸತ್ವ. ತೆಳ್ಳನೆಯ ಗಾಳಿ ಯಾವುದು, ಕೆಟ್ಟ ಗಾಳಿ ಯಾವುದು, ನಮ್ಮ ಲೋಕಾಯುಕ್ತನಿಗೆ ತಿಳಿಯೋದಿಲ್ಲ. 2,000 ಮೀಟರ್ ದಾಟಿದರೆ ಸಿಕ್ಕಸಿಕ್ಕಲ್ಲೆಲ್ಲ ದಾಳಿ. ನಿಮ್ಮ ಜಯನಗರದಲ್ಲಿ ಎಷ್ಟು ಚೆಂದ ಉರಿದೆ!

ನಾನು: ಜಯನಗರದಲ್ಲಿ ಹೀಟರ್ ಯಾರಿಗೆ ಬೇಕಿತ್ತು? ಹೋಗಲಿ, ಈ ಕಿಟಕಿಯ ಗಾಜು ಯಾಕೆ ಅಳುತ್ತಿದೆ?

ಹೀಟರ್: ಆನಂದಬಾಷ್ಪ.

ನಾನು: ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಹುಟ್ಟುತ್ತದೆ. ನನ್ನ ಹಾಸಿಗೆ ಮೂಲೆಯಲ್ಲಿ ಒದ್ದೆ.

ಹೀಟರ್: ನಾನು ಬೇಡವಾದರೆ ಕರೆಂಟಿನವನನ್ನು ಕರೆತನ್ನಿ.

ನಾನು: ಅವನು ಸಭ್ಯ, ಹೊಗೆಯಿಲ್ಲ. ಆದರೆ 1,500 ವಾಟ್ ತಿನ್ನುವವನು 12 ವೋಲ್ಟಿನ ಬ್ಯಾಟರಿಯಿಂದ 125 ಆಂಪಿಯರ್ ಹೀರುತ್ತಾನೆ. 100 ಆಂಪಿಯರ್-ಅವರ್ ಬ್ಯಾಟರಿ ಒಂದು ಗಂಟೆಯೂ ಬಾಳದು. ಹೋಟೆಲ್ ಅಂಗಳದಲ್ಲಿ ಪ್ಲಗ್ ಸಿಕ್ಕ ದಿನ ಅವನಿಗೆ ಮಣೆ.

ಹೀಟರ್: (ದನಿ ತಗ್ಗಿಸಿ) ಪಕ್ಕದ ವ್ಯಾನಿನಲ್ಲಿ ಸೀಟಿನ ಕೆಳಗೆ ಟಿಕ್ ಟಿಕ್ ಅಂತಾನಲ್ಲ, ಆ ಡೀಸೆಲ್ ಹೀಟರ್ ಮೇಲೆ ನಿಮಗೆ ಕಣ್ಣು. ಗೊತ್ತು.

ನಾನು: ಅವನು ಉರಿಯುವ ಗಾಳಿಯನ್ನು ಹೊರಗಿಂದ ಎಳೆದುಕೊಳ್ಳುತ್ತಾನೆ, ಹೊಗೆಯನ್ನು ಕೊಳವೆಯಲ್ಲಿ ಹೊರಗೇ ಉಗುಳುತ್ತಾನೆ. ಒಳಗೆ ಬರುವುದು ಬರೀ ಬೆಚ್ಚನೆ ಗಾಳಿ. ಲಡಾಖಿನ ಮನೆಗಳ ಬುಖಾರಿ ಒಲೆಗೂ ಚಿಮಣಿ ಮಾಡು ದಾಟಿ ಹೋಗುತ್ತದೆ. ಅವರಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ.

ಹೀಟರ್: ಅವನ ಡೀಸೆಲ್ ಚಳಿಗೆ ಗಟ್ಟಿಯಾಗಲಿ, ಆಗ ನೋಡ್ತೀನಿ.

ನಾನು: ಇಲ್ಲಿಗೆಂದೇ ಚಳಿಗಾಲದ ಡೀಸೆಲ್ 2019ರಲ್ಲೇ ಬಂದಿದೆ. ಮೈನಸ್ 33 ಡಿಗ್ರಿವರೆಗೂ ಹರಿಯುವಂಥದ್ದು. ಕೊಳವೆಯ ಬಾಯಿ ಕಿಟಕಿಯ ಕೆಳಗೆ ಬರದಂತೆ, ಹಿಮದಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು, ಅಷ್ಟೆ.

ಹೀಟರ್: ಅವನ ಬೆಲೆಗೆ ನನ್ನಂಥ ಎಷ್ಟು ಜನ ಬರ್ತಾರೆ ಲೆಕ್ಕ ಹಾಕಿದ್ದೀರಾ?

ನಾನು: ಹಾಕಿದ್ದೆ. ಅದಕ್ಕೇ ನೀವು ಬಂದದ್ದು.

ಉತ್ತರ ಬರುವ ಮುಂಚೆಯೇ ಲೋಕಾಯುಕ್ತರು ಮತ್ತೊಮ್ಮೆ ದಾಳಿ ಮಾಡಿದರು. ಈ ಸಲ ನಾನು ಹಚ್ಚಲು ಹೋಗಲಿಲ್ಲ. ಸಿಲಿಂಡರಿನ ತಿರುಪು ಬಿಗಿದೆ. ಫ್ಲಾಸ್ಕಿನ ನೀರನ್ನು ರಬ್ಬರ್ ಚೀಲಕ್ಕೆ ಸುರಿದು ಕಾಲಡಿಗೆ ತಳ್ಳಿದೆ, ಎರಡು ರಜಾಯಿ ಎಳೆದುಕೊಂಡೆ. ಮೇಲಿನ ಕಿಂಡಿಯನ್ನು ಎರಡು ಬೆರಳಷ್ಟು ಬಿಟ್ಟು, ಬಾಗಿಲು ಎಳೆದೆ.

ಕತ್ತಲಲ್ಲಿ ಗೊಣಗು ಕೇಳಿಸಿತು: ‘ಈಗ ಹಾಕಿದಿರಲ್ಲ ಬಾಗಿಲು!’

‘ನೀವು ಆರಿದಿರಲ್ಲ’ ಎಂದೆ.